ಸೀಬೆ ಕೊಂಬೆಯ ಚೆರ್ರಿ ಮರ

ಪರ್ತ್: ಹಳದಿ ಡಬ್ಬ

ಆಸ್ಟ್ರೇಲಿಯಾದ ನೆಲದ ಮೇಲೆ ನಿಂತು ನಾನು ಆಡಿದ ಮೊದಲ ಮಾತೇ ಸತ್ಯವಾಗಿತ್ತು. ಅದರಿಂದ ಮುಕ್ಕಾಲು ಗಂಟೆ ತಡವಾಯಿತು.

ವಿಮಾನದಲ್ಲಿ ಒಂದು ಚೀಟಿ ಕೊಟ್ಟಿದ್ದರು. ಗಿಡ, ಬೀಜ, ಕಟ್ಟಿಗೆ ಏನಾದರೂ ತಂದಿದ್ದೀರಾ ಎಂಬ ಪ್ರಶ್ನೆಗೆ ಹೌದು ಎಂದು ಗುರುತು ಹಾಕಿದೆ. ಪಕ್ಕದ ಸೀಟಿನ ಮಹನೀಯರು ಇಣುಕಿ ನೋಡಿ, "ಹೌದು ಅಂತ ಹಾಕ್ಬಿಟ್ರಾ? ಮುಗೀತು ಬಿಡಿ ನಿಮ್ ಕಥೆ" ಎಂದರು. ತಮ್ಮ ಚೀಲದಲ್ಲಿ ಎರಡು ಕೆಜಿ ಹುಣಸೆಹಣ್ಣಿದೆ ಎಂದು ಅವರೇ ಸ್ವಲ್ಪ ಹೊತ್ತಿನ ಮುಂಚೆ ಹೇಳಿದ್ದರು. ಇಳಿದ ಮೇಲೆ ಅವರು ಹಸಿರು ದಾರಿಯಲ್ಲಿ ಹೋದರು, ನಾನು ಕೆಂಪು ದಾರಿಯಲ್ಲಿ ಹೋದೆ.

ಅಲ್ಲಿದ್ದ ಅಧಿಕಾರಿ ನನ್ನ ಪೆಟ್ಟಿಗೆ ತೆರೆದು, ಹಳೆಯ ಪೇಪರಿನಲ್ಲಿ ಸುತ್ತಿದ್ದ ಕೊಂಬೆಯನ್ನು ಎರಡು ಬೆರಳಲ್ಲಿ ಎತ್ತಿದ. ಇದೇನು ಎಂದು ಕೇಳಿದ. ಚೆರ್ರಿ ಮರ ಎಂದೆ. ಎಲೆ ಮೂಸಿ, ಇದು ಚೆರ್ರಿ ಅಲ್ಲ ಎಂದ. ಅಲ್ಲ, ನಮ್ಮ ಹಿತ್ತಲಿನ ಸೀಬೆ, ಚೆರ್ರಿಯ ಪಾತ್ರ ಮಾಡುತ್ತದೆ ಎಂದೆ.

ಅಮೆರಿಕದ ಮೊದಲನೆಯ ಅಧ್ಯಕ್ಷರು ಚಿಕ್ಕವರಿದ್ದಾಗ ಅಪ್ಪನ ಚೆರ್ರಿ ಮರವನ್ನು ಕೊಡಲಿಯಿಂದ ಕಡಿದು, ಆಮೇಲೆ ಸುಳ್ಳು ಹೇಳದೆ ಒಪ್ಪಿಕೊಂಡರಂತೆ. ಈ ಕಥೆಯನ್ನು ಆಡಿಸುವುದಕ್ಕೆ ಮರ ಬೇಕು ಎಂದು ವಿವರಿಸಿದೆ. ಆತ ತಾಳ್ಮೆಯಿಂದ ಕೇಳಿಸಿಕೊಂಡ. ಅಮೆರಿಕದ ಚರಿತ್ರೆಯನ್ನು ಯಾರಿಗೆ ಕಲಿಸುತ್ತೀರಿ ಎಂದ. ನಿಮ್ಮೂರಿನ ಮಕ್ಕಳಿಗೆ ಎಂದೆ. ಯಾವ ಭಾಷೆಯಲ್ಲಿ ಎಂದ. ಕನ್ನಡದಲ್ಲಿ ಎಂದೆ. ಆತ ಇನ್ನೊಬ್ಬ ಅಧಿಕಾರಿಯನ್ನು ಕರೆದ.

ಇಬ್ಬರೂ ಸೇರಿ ಮಾತಾಡಿಕೊಂಡು, ನಿಜ ಹೇಳಿದ್ದಕ್ಕೆ ನನಗೆ ಧನ್ಯವಾದ ಹೇಳಿದರು. ಕೊಂಬೆಯನ್ನು ಹಳದಿ ಡಬ್ಬಕ್ಕೆ ಹಾಕಿದರು. ಬೆಂಗಳೂರಿನಿಂದ ಬಾಡದ ಹಾಗೆ ಒದ್ದೆ ಬಟ್ಟೆ ಸುತ್ತಿ ತಂದಿದ್ದೆ, ಹೊಟ್ಟೆ ಉರಿಯಿತು.

ಪರ್ತ್: ಭಾನುವಾರ

ನಾನು ಮಳವಳ್ಳಿಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಚರಿತ್ರೆ ಕಲಿಸಿ ನಿವೃತ್ತಳಾದವಳು. ಅಮೆರಿಕದ ಪಾಠ ಬಂತೆಂದರೆ ನಮ್ಮ ಹುಡುಗಿಯರು ಇಸವಿಗಳನ್ನು ಕಲಸುಮೇಲೋಗರ ಮಾಡಿ ಬರೆಯುತ್ತಿದ್ದರು. ಅದಕ್ಕೆಂದೇ ಆ ದೇಶದ ಎಂಟು ಜನರ ಜೀವನವನ್ನು ಒಂದು ಸಣ್ಣ ಪುಸ್ತಕವಾಗಿ ಬರೆದೆ. ಎಂಟೂ ಜನ ಬಡತನದಲ್ಲಿ ಹುಟ್ಟಿ, ಕಷ್ಟಪಟ್ಟು ಓದಿ, ದೊಡ್ಡವರಾಗಿ, ಕೊನೆಯ ಪ್ಯಾರಾದಲ್ಲಿ ಆದರ್ಶರಾಗುತ್ತಾರೆ. ಬಡತನದಲ್ಲಿ ಹುಟ್ಟದವರಿಗೆ ನಾನೇ ಸ್ವಲ್ಪ ಬಡತನ ಕೊಟ್ಟಿದ್ದೆ.

ಪುಸ್ತಕದ ಜೊತೆಗೆ ಒಂದು ಕುರ್ಚಿಯೂ ಇತ್ತು. ಹೆಡ್ಮಾಸ್ಟರು ಬಿಸಾಕಿದ, ಒಂದು ಕೈ ಮುರಿದ ಕುರ್ಚಿ. ಜೀವನ ಓದಿದ ಹುಡುಗಿ ಅದರ ಮೇಲೆ ಕೂರಬೇಕು. ಕೂತ ಕೂಡಲೇ ಅವಳೇ ಆ ಮನುಷ್ಯ. 'ನಾನು' ಎಂದೇ ಮಾತಾಡಬೇಕು. ಮಿಕ್ಕವರು ಏನು ಬೇಕಾದರೂ ಕೇಳಬಹುದು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬಹುದು, ಸುಳ್ಳು ಮಾತ್ರ ಹೇಳುವಂತಿಲ್ಲ. ಈ ಕುರ್ಚಿಯಿಂದ ಮಳವಳ್ಳಿಯಲ್ಲಿ ನನಗೆ ಸ್ವಲ್ಪ ಹೆಸರು ಬಂತು.

ಆಸ್ಟ್ರೇಲಿಯಾದ ಭಾನುವಾರದ ಕನ್ನಡ ತರಗತಿಗಳಿಗೆ ಇದೇ ಪುಸ್ತಕ ಏಕೆ ಬೇಕಾಯಿತು ಎಂಬುದನ್ನು ಪರ್ತಿನ ಗಿರೀಶ್ ಕಾರಿನಲ್ಲಿ ವಿವರಿಸಿದ. ಮೈಸೂರಿನ ಹುಡುಗ, ಗಣಿಯಲ್ಲಿ ಇಂಜಿನಿಯರ್. ಎರಡು ವಾರ ಮರುಭೂಮಿಯಲ್ಲಿರುತ್ತಾನೆ, ಒಂದು ವಾರ ಮನೆಯಲ್ಲಿ. ಆ ಒಂದು ವಾರದಲ್ಲಿ ಕನ್ನಡ ಕಲಿಸುತ್ತಾನೆ.

"ಮಿಸ್, ಹೋದ ವರ್ಷ ವಿಜಯನಗರ ಮಾಡಿದ್ವಿ. ಹುಡುಗ್ರು ನಿದ್ದೆ ಹೊಡ್ದ್ಬಿಟ್ರು. ಅಮೆರಿಕಾದ್ದು ಸ್ಕೂಲಲ್ಲಿ ಓದಿರ್ತಾರೆ, ಟೀವೀಲಿ ನೋಡಿರ್ತಾರೆ. ವಿಷಯ ಗೊತ್ತಿದ್ರೆ ಭಾಷೆ ಹಿಂದಿಂದೆ ಬರುತ್ತೆ ಅನ್ನೋದು ನಮ್ಮ ಐಡಿಯಾ. ಬನ್ನಿ, ಸರ್ವೋದಲ್ಲಿ ಒಂದು ಕಾಫಿ ಹೊಡ್ಕೊಂಡು ಹೋಗೋಣ."

ಸರ್ವೋ ಎಂದರೆ ಪೆಟ್ರೋಲ್ ಬಂಕ್. ಬಂಕಿನಲ್ಲಿ ಕಾಫಿ ಕುಡಿಯುವ ಇಂಜಿನಿಯರನ್ನು ನಾನು ಮೊದಲ ಸಲ ನೋಡಿದೆ. ಅಲ್ಲಿಗೆ ಒಬ್ಬ ಗೃಹಸ್ಥರು ಬರಿಗಾಲಲ್ಲಿ ಬಂದು ಹಾಲು ಕೊಂಡರು. ಪಕ್ಕದ ಸೂಪರ್‌ಮಾರ್ಕೆಟ್ಟಿನಲ್ಲೂ ಇಬ್ಬರು ಬರಿಗಾಲಲ್ಲಿದ್ದರು. ನಮ್ಮಲ್ಲಿ ದೇವಸ್ಥಾನಕ್ಕೆ ಚಪ್ಪಲಿ ಬಿಟ್ಟು ಹೋಗಿ, ಬರುವಾಗ ಅದಿಲ್ಲದೆ ಅಂಗಡಿಗೆ ಹೋಗುತ್ತೇವೆ. ಇವರದು ಸ್ವಇಚ್ಛೆಯಂತೆ.

ತರಗತಿ ಶುರುವಾಗುವ ಮುಂಚೆ ಗಿರೀಶ್ ಎದ್ದು ನಿಂತು, ತಾನೇ ಕನ್ನಡ ಮಾಡಿಕೊಂಡ ಒಂದು ವಾಕ್ಯ ಓದಿದ. ಈ ನೆಲ ಇಲ್ಲಿನ ಮೂಲ ಜನರದು, ಅವರು ಇದನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ ಎಂದು. ಇಲ್ಲಿ ಎಲ್ಲ ಸಭೆಯೂ ಹೀಗೇ ಆರಂಭವಾಗುತ್ತದಂತೆ. ಮೊದಲು ತಪ್ಪನ್ನು ಹೇಳಿಬಿಟ್ಟು, ಆಮೇಲೆ ಬಿಸ್ಕತ್ತು ಹಂಚುತ್ತಾರೆ. ನಮ್ಮ ಸಭೆಗಳಲ್ಲಿ ತಪ್ಪುಗಳು ವಂದನಾರ್ಪಣೆಯ ನಂತರ, ಚಪ್ಪಲಿ ಹುಡುಕುವಾಗ ಹೊರಬರುತ್ತವೆ.

ಪರ್ತಿನ ಮಕ್ಕಳು ಜೋರು. ಮರದ ಗುಡಿಸಲಲ್ಲಿ ಹುಟ್ಟಿದ ಅಧ್ಯಕ್ಷರಾಗಿ ಕೂತ ಹುಡುಗನ ಹತ್ತಿಯ ಗಡ್ಡ ಸೆಕೆಗೆ ಜಾರಿ ಮಜ್ಜಿಗೆಯ ಲೋಟಕ್ಕೆ ಬಿತ್ತು. ಅವನು ಅದನ್ನು ಹಿಂಡಿ ಮತ್ತೆ ಅಂಟಿಸಿಕೊಂಡು ಗುಲಾಮಗಿರಿಯ ವಿರುದ್ಧ ಮಾತಾಡಿದ. ಚೆರ್ರಿ ಮರಕ್ಕೆ ಗಿರೀಶನ ಹೆಂಡತಿ ಕರಿಬೇವಿನ ಕುಂಡ ತಂದುಕೊಟ್ಟಳು. ಮುಗಿದ ಮೇಲೆ ಒಬ್ಬ ಪೋರ ನನ್ನ ಹತ್ತಿರ ಬಂದು, ಚೆರ್ರಿ ಕಥೆ ನಡೆದೇ ಇಲ್ಲ, ಆತ ಸತ್ತ ಮೇಲೆ ಯಾರೋ ಕಟ್ಟಿದ್ದು ಎಂದು ಇಂಗ್ಲಿಷಿನಲ್ಲಿ ತಿಳಿಸಿದ.

"ಗೊತ್ತು ಕಣೋ," ಎಂದೆ. "ಆದ್ರೂ ಚೆನ್ನಾಗಿದೆ ಅಲ್ವಾ?"

ಅವನು ಯೋಚಿಸಿ, ಓಕೇ ಎಂದು ಹೋದ. ನಾನೂ ಅದನ್ನು ಅಲ್ಲಿಗೇ ಬಿಟ್ಟೆ.

ಬ್ರಿಸ್ಬೇನ್: ಮುಂದಿನ ಪ್ರಶ್ನೆ

ಬ್ರಿಸ್ಬೇನಿನಲ್ಲಿ ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ಮಳವಳ್ಳಿ ಬಸ್ಸಿನಲ್ಲೂ ಇಳಿಯುವಾಗ ಡ್ರೈವರಿಗೆ ಏನಾದರೂ ಹೇಳುವುದುಂಟು, ಅದು ಬೇರೆ. ನಾನೂ ಎರಡು ದಿನ ಥ್ಯಾಂಕ್ಸ್ ಹೇಳಿದೆ. ಮೂರನೆಯ ದಿನ ನನ್ನ ಸ್ಟಾಪು ಬಿಟ್ಟು ಮುಂದೆ ಒಯ್ದವನಿಗೂ ಹೇಳಿ ಇಳಿದೆ.

ನಾನು ಇದ್ದದ್ದು ಇಂಡೂರೂಪಿಲ್ಲಿ ಎಂಬ ಬಡಾವಣೆಯಲ್ಲಿ, ಪಲ್ಲವಿಯ ಮನೆಯಲ್ಲಿ. ಬೆಂಗಳೂರಿನವಳು, ಸಾಫ್ಟ್‌ವೇರ್ ಕೆಲಸ. ಹನ್ನೊಂದು ವರ್ಷದ ಮಗಳು ತನ್ವಿ. ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಒಂದು ಪದವೂ ಬರುವುದಿಲ್ಲ. ಅಮ್ಮ ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ವಾದಿಸುತ್ತಾಳೆ.

"ಮಿಸ್, ಎರಡು ವರ್ಷದಿಂದ ಕ್ಲಾಸಿಗೆ ಬಾ ಅಂತ ಕಾಲಿಗೆ ಬೀಳೋದೊಂದು ಬಾಕಿ," ಎಂದಳು ಪಲ್ಲವಿ. "ನಿಮ್ಮ ಕುರ್ಚಿ ವಿಷಯ ಕೇಳಿ ಅವಳೇ ಬರ್ತೀನಿ ಅಂದ್ಲು. ಮೊದಲ್ನೇ ಅಧ್ಯಕ್ಷರು ತಾನೇ ಆಗ್ತೀನಿ ಅಂತ ಸ್ಕೂಲ್ ಲೈಬ್ರರಿಯಿಂದ ದಪ್ಪ ಪುಸ್ತಕ ತಂದು ಓದ್ತಿದಾಳೆ. ನನಗೆ ನಂಬೋಕೇ ಆಗ್ತಿಲ್ಲ."

ತರಗತಿಯ ದಿನ ತನ್ವಿ ಅಮ್ಮನ ಕಪ್ಪು ಕೋಟು ಹಾಕಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಮೊದಲು ನನ್ನ ಪುಸ್ತಕದ ಸಾಲುಗಳನ್ನು ಇನ್ನೊಂದು ಮಗು ಓದಬೇಕಿತ್ತು. ಓದಿತು: 'ಅವರಿಗೆ ದೊಡ್ಡ ತೋಟವಿತ್ತು. ನೂರಾರು ಆಳುಕಾಳುಗಳು ಪ್ರೀತಿಯಿಂದ ದುಡಿಯುತ್ತಿದ್ದರು.' ಓದಿದ ಮಗುವೇ, ಆಳುಕಾಳು ಎಂದರೇನು ಎಂದು ಕೇಳಿತು.

"ಸ್ಲೇವ್ಸ್," ಎಂದಳು ತನ್ವಿ.

"ಆಳು ಅಂದ್ರೆ ಕೆಲಸದವರು ಕಂದಾ," ಎಂದೆ ನಾನು.

"ಬಟ್ ಮಿಸ್, ಐಯಾಮ್ ಇನ್ ದ ಚೇರ್. ಐ ಕಾಂಟ್ ಲೈ."

ಆಮೇಲೆ ಅವಳು ಕೋಟಿನ ತೋಳು ಮೇಲಕ್ಕೆ ಎಳೆದುಕೊಂಡು, ನಾನು ಎಂದೇ ಶುರು ಮಾಡಿ, ಇಂಗ್ಲಿಷಿನಲ್ಲಿ ಹೇಳಿದಳು. ನಾನು ಆ ಜನರ ಒಡೆಯನಾಗಿದ್ದೆ. ನನ್ನ ಹೆಂಡತಿಯ ಬಟ್ಟೆಬರೆ ನೋಡಿಕೊಳ್ಳುತ್ತಿದ್ದ ಹುಡುಗಿಯೊಬ್ಬಳು ನಾವು ಊಟಕ್ಕೆ ಕೂತಿದ್ದಾಗ ಓಡಿಹೋದಳು. ಅವಳನ್ನು ಹಿಡಿದು ತರಲು ನಾನು ಜನ ಕಳಿಸಿದೆ. ಇಷ್ಟು ಹೇಳಿ ಕುರ್ಚಿಯಿಂದಲೇ ನನ್ನತ್ತ ತಿರುಗಿದಳು. ನಿಮ್ಮ ಪುಸ್ತಕದಲ್ಲಿ ಪ್ರೀತಿಯಿಂದ ಎಂದಿದೆಯಲ್ಲ, ಪ್ರೀತಿ ಇದ್ದಿದ್ದರೆ ಅವಳು ಯಾಕೆ ಓಡಿದಳು?

ಮೂವತ್ತು ಮಕ್ಕಳು, ಅವರ ಅಪ್ಪ ಅಮ್ಮಂದಿರು, ಮೂಲೆಯಲ್ಲಿ ಲಾಮಿಂಗ್ಟನ್ ಎಂಬ ತೆಂಗಿನತುರಿಯ ಕೇಕು ಜೋಡಿಸುತ್ತಿದ್ದವರು, ಎಲ್ಲರೂ ನನ್ನನ್ನು ನೋಡಿದರು.

"ಮುಂದಿನ ಪ್ರಶ್ನೆ," ಎಂದೆ.

ತನ್ವಿ ಎದ್ದು ಕೋಟು ಬಿಚ್ಚಿ ಮಡಿಸಿ ಕುರ್ಚಿಯ ಮೇಲಿಟ್ಟಳು. ಅಮ್ಮನ ಹತ್ತಿರ ಹೋಗಿ, ಇನ್ನು ಕನ್ನಡ ಕ್ಲಾಸಿಗೆ ಬರುವುದಿಲ್ಲ ಎಂದಳು. ಕೂಗಾಡಲಿಲ್ಲ, ಅಳಲಿಲ್ಲ. ಪಲ್ಲವಿ ನನಗೆ, "ಪರವಾಗಿಲ್ಲ ಮಿಸ್, ಮಕ್ಕಳು" ಎಂದಳು. ಅವಳ ಮುಖ ನೋಡಿ ನನಗೆ ನೆಲ ಬಾಯ್ಬಿಡಬಾರದೇ ಎನ್ನಿಸಿತು.

ಬ್ರಿಸ್ಬೇನ್: ದೋಣಿ

ಮಾರನೆಯ ದಿನ ಪಲ್ಲವಿ ಕೆಲಸಕ್ಕೆ ಹೋದಳು. ನಾನು ನದಿಯ ದೋಣಿ ಹತ್ತಿ ಕೂತೆ. ಹತ್ತುವ ಮುಂಚೆ ದಡದ ಬೆಂಚಿನಲ್ಲಿ ಚಪಾತಿ ಬಿಚ್ಚಿದ್ದೆ. ಉದ್ದ ಕೊಕ್ಕಿನ ಒಂದು ಬಿಳಿ ಹಕ್ಕಿ ಬಂದು, ಸುರುಳಿಯನ್ನು ಪಲ್ಯ ಸಮೇತ ಎತ್ತಿಕೊಂಡು, ಅವಸರವಿಲ್ಲದೆ ನಡೆದುಹೋಯಿತು. ಪಕ್ಕದಲ್ಲಿದ್ದ ಅಜ್ಜ, ಇದರ ಹೆಸರು ಬಿನ್ ಚಿಕನ್, ಅಂದರೆ ಕಸದ ಡಬ್ಬದ ಕೋಳಿ, ಎಲ್ಲರಿಗೂ ಹೀಗೇ ಆಗುತ್ತದೆ ಎಂದು ಸಮಾಧಾನ ಹೇಳಿದ.

ನದಿಯ ಮೇಲೆ ಪ್ರಕಾಶಕ ರುದ್ರಪ್ಪನ ಫೋನು ಬಂತು. ನನ್ನ ಪುಸ್ತಕದ ಐದನೆಯ ಮುದ್ರಣಕ್ಕೆ ಎಲ್ಲ ಸಿದ್ಧವಾಗಿತ್ತು.

"ಮೇಡಂ, ಪ್ರೂಫ್ ಕಳ್ಸಿ ವಾರ ಆಯ್ತು. ಬರೋ ಸೋಮವಾರ ಮಷೀನಿಗೆ ಹೋಗ್ಬೇಕು. ಹೂಂ ಅಂದ್ಬಿಡಿ ಸಾಕು. ಆ ಚೆರ್ರಿ ಮರದ ಭಾಗ ಮತ್ತೆ ಓದಿದೆ, ಕಣ್ಣಲ್ಲಿ ನೀರು ಬಂತು."

ನೋಡಿ ಹೇಳುತ್ತೇನೆ ಎಂದೆ. ನೋಡುವುದೇನೂ ಇರಲಿಲ್ಲ. ಆ ಸಾಲು ಯಾವ ಪುಟದಲ್ಲಿದೆ, ಅದನ್ನು ಯಾವ ಮೇಜಿನ ಮೇಲೆ ಬರೆದೆ ಎಂಬುದೂ ನನಗೆ ನೆನಪಿತ್ತು. ಗುಲಾಮರು ಎಂದೇ ಮೊದಲು ಬರೆದಿದ್ದೆ. ಹೊಡೆದುಹಾಕಿ ಆಳುಕಾಳು ಮಾಡಿದೆ. ಓದಲು ಹಿತವಾಗಿತ್ತು, ನಮ್ಮ ಮನೆಯಲ್ಲಿ ಬಳಸುತ್ತಿದ್ದ ಮಾತೂ ಅದೇ.

ನಮ್ಮ ತಾತನ ಮನೆಯಲ್ಲಿ ಸಿದ್ದ ಎಂಬುವನಿದ್ದ. ಜೀತಕ್ಕಿದ್ದ. ಕೊಟ್ಟಿಗೆಯಲ್ಲಿ ಮಲಗುತ್ತಿದ್ದ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟು ಬರುತ್ತಿದ್ದ. ಸಂಬಳ ಎಂಬ ಮಾತನ್ನು ಅವನ ಹತ್ತಿರ ಯಾರೂ ಆಡಿದ್ದನ್ನು ನಾನು ಕೇಳಿಲ್ಲ. 'ನಮ್ಮ ಮನೆ ಮಗ ಇದ್ದ ಹಾಗೆ ಅವನು' ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದರು. ಒಂದು ಬೆಳಿಗ್ಗೆ ಸಿದ್ದ ಇರಲಿಲ್ಲ. ತಾತ ಇಬ್ಬರನ್ನು ಕಳಿಸಿದರು. ನಾಲ್ಕನೆಯ ದಿನ ಅವನನ್ನು ಕರೆತಂದರು. ನನಗೆ ಎಂಟು ವರ್ಷ. ಸಿದ್ದ ಬಂದ, ಸಿದ್ದ ಬಂದ ಎಂದು ಅಂಗಳದಲ್ಲಿ ಕುಣಿದೆ. ಅವನು ನನ್ನನ್ನು ಎತ್ತಿಕೊಳ್ಳಲಿಲ್ಲ.

ದೋಣಿ ಕೊನೆಯ ನಿಲ್ದಾಣ ಮುಟ್ಟಿದರೂ ನಾನು ಇಳಿಯಲಿಲ್ಲ. ಅದೇ ದೋಣಿಯಲ್ಲಿ ಹಿಂದಕ್ಕೆ ಬಂದೆ.

ಅಡಿಲೇಡ್: ಮಾಡ್ಬರಿಯ ದಾರಿ

ಅಡಿಲೇಡಿನಲ್ಲಿ ನನ್ನನ್ನು ಕರೆದುಕೊಳ್ಳಲು ಬಂದವಳು ನಸ್ರೀನ್. ಈಗ ಡಾಕ್ಟರು, ಮನೆ ಮಾಡ್ಬರಿಯಲ್ಲಿ. ಮಳವಳ್ಳಿಯಲ್ಲಿ ನನ್ನ ವಿದ್ಯಾರ್ಥಿನಿ. ಆ ಮುರಿದ ಕುರ್ಚಿಯ ಮೇಲೆ ಮೊಟ್ಟಮೊದಲು ಕೂತ ಹುಡುಗಿ ಅವಳೇ, ಆಗ ಹದಿಮೂರು ವರ್ಷ. ನನ್ನನ್ನು ಕರೆಸಬೇಕೆಂದು ಇಲ್ಲಿನವರಿಗೆಲ್ಲ ಹೇಳಿದವಳೂ ಅವಳೇ, ಈ ಪ್ರವಾಸವೆಲ್ಲ ಅವಳು ಹಚ್ಚಿದ ಬೆಂಕಿ.

ಕಾರಿನಲ್ಲಿ ಅರ್ಧ ದಾರಿ ಊರಿನ ವಿಷಯ ಮಾತಾಡಿದೆವು. ಆಮೇಲೆ ಬ್ರಿಸ್ಬೇನಿನಲ್ಲಿ ಏನಾಯಿತು ಎಂದು ನಾನೇ ಹೇಳಿದೆ. ಅವಳು ನಗಲಿಲ್ಲ.

"ಮಿಸ್, ನಿಮಗೆ ನೆನಪಿಲ್ಲ ಅನ್ಸುತ್ತೆ. ನಾನೂ ಕೇಳಿದ್ದೆ."

"ಏನು?"

"ಆಳುಗಳಿಗೆ ಸಂಬಳ ಕೊಡ್ತಿದ್ರಾ ಅಂತ. ಕುರ್ಚಿ ಮೇಲೆ ಕೂತು ನಿಮ್ಮನ್ನೇ ಕೇಳಿದ್ದೆ. ನೀವು ಮುಂದಿನ ಪ್ರಶ್ನೆ ಅಂದ್ರಿ."

ನನಗೆ ನೆನಪಿರಲಿಲ್ಲ. ಅದಕ್ಕೇ ಹೆಚ್ಚು ನಾಚಿಕೆಯಾಯಿತು. ಇಷ್ಟು ವರ್ಷ ಒಂದೇ ಉತ್ತರವನ್ನು ಎಷ್ಟು ಮಕ್ಕಳಿಗೆ ಕೊಟ್ಟೆನೋ.

"ಆಮೇಲೆ ನೀನು ಏನು ಮಾಡ್ದೆ?"

"ಮುಂದಿನ ಪ್ರಶ್ನೆಗೆ ಉತ್ತರ ಹೇಳ್ದೆ. ಇನ್ನೇನ್ ಮಾಡ್ಲಿ, ನೀವು ಟೀಚರ್ರು." ಎಂದು ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿದಳು. "ನಾಳೆ ಕ್ಲಾಸು ಬೇಡ ಅಂದ್ರೆ ಕ್ಯಾನ್ಸಲ್ ಮಾಡ್ತೀನಿ ಮಿಸ್. ಬಾರ್ಬಿ, ಅದೇ ಬಾರ್ಬೆಕ್ಯೂ, ಮಾಡೋಣ, ಹಿತ್ತಲಲ್ಲಿ ಜೋಳ ಸುಟ್ಕೊಂಡು ತಿನ್ನೋಣ."

ಕ್ಯಾನ್ಸಲ್ ಬೇಡ ಎಂದೆ. ಅವಳ ಮನೆ ತಲುಪಿದ ಕೂಡಲೇ ಪಲ್ಲವಿಗೆ ಫೋನು ಮಾಡಿ, ನಾಳೆ ತನ್ವಿ ಫೋನಿನಲ್ಲಿ ಹತ್ತು ನಿಮಿಷ ನಮ್ಮ ತರಗತಿಗೆ ಬರುತ್ತಾಳೆಯೇ, ಮೊದಲ ಪ್ರಶ್ನೆ ಅವಳದೇ ಎಂದು ಕೇಳಿದೆ. ಪಲ್ಲವಿ ಕೇಳಿ ಹೇಳುತ್ತೇನೆ ಎಂದಳು. ಅರ್ಧ ಗಂಟೆಯ ಮೇಲೆ ಉತ್ತರ ಬಂತು. ಕುರ್ಚಿಯಲ್ಲಿ ಕೂರುವವರು ಯಾರು ಎಂದು ಹುಡುಗಿ ಕೇಳುತ್ತಿದ್ದಾಳಂತೆ. ನಾನು ಎಂದು ಹೇಳು ಎಂದೆ.

ಅಡಿಲೇಡ್: ಪ್ರಾಸ್ಪೆಕ್ಟ್ ರಸ್ತೆಯ ಸಭಾಂಗಣ

ಪ್ರಾಸ್ಪೆಕ್ಟ್ ರಸ್ತೆಯಲ್ಲಿ ನಮ್ಮವರ ದಿನಸಿ ಅಂಗಡಿಯ ಹತ್ತಿರ ಒಂದು ಸಭಾಂಗಣ. ಹೊರಗೆ ನಿಂತರೆ ಒಂದು ಕಡೆಯಿಂದ ಇಂಗಿನ ವಾಸನೆ, ಇನ್ನೊಂದು ಕಡೆಯಿಂದ ಕಾಫಿಯದು. ಒಳಗೆ ಪ್ಲಾಸ್ಟಿಕ್ ಕುರ್ಚಿ, ಎರಡು ಕೈಯೂ ಸರಿಯಾಗಿದ್ದದ್ದು. ನಸ್ರೀನಳ ಮಗಳು ಝಾರಾ ಫೋನನ್ನು ಬಿಸ್ಕತ್ತಿನ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದಳು. ಪರದೆಯಲ್ಲಿ ತನ್ವಿ, ಕೈಕಟ್ಟಿಕೊಂಡು.

ಈ ನೆಲ ಯಾರದು ಎಂಬ ವಾಕ್ಯವನ್ನು ನಸ್ರೀನ್ ಓದಿದಳು. ನಾನು ಹೋಗಿ ಕೂತೆ. ಅರವತ್ತೆಂಟು ವರ್ಷಕ್ಕೆ ಆ ಕುರ್ಚಿಯಲ್ಲಿ ಮೊದಲ ಸಲ. ಕೂತ ಮೇಲೆ ಎಲ್ಲರ ಕಣ್ಣೂ ನಮ್ಮ ಮೇಲೇ ಇರುತ್ತದೆ ಎಂಬುದು ಅಲ್ಲಿ ಕೂತಾಗಲೇ ತಿಳಿಯುತ್ತದೆ, ಪಾಪ ನಮ್ಮ ಹುಡುಗಿಯರು.

"ನಾನು ಈ ಪುಸ್ತಕ ಬರೆದವಳು," ಎಂದೆ. "ಕೇಳಿ."

"ಡಿಡ್ ಯೂ ನೋ ದೇ ವರ್ ಸ್ಲೇವ್ಸ್?" ಎಂದಿತು ಫೋನು.

"ಗೊತ್ತಿತ್ತು."

"ದೆನ್ ವೈ?"

ಕನ್ನಡದಲ್ಲೇ ಹೇಳಿದೆ. ಸಿದ್ದನ ಹೆಗಲು, ಕೊಟ್ಟಿಗೆ, ತಾತ ಕಳಿಸಿದ ಇಬ್ಬರು, ನಾನು ಕುಣಿದದ್ದು. ಗುಲಾಮರು ಎಂದು ಬರೆದಾಗ ಸಿದ್ದನ ಮುಖ ಕಂಡಿತ್ತು, ಅದಕ್ಕೇ ಆ ಪದ ಹೊಡೆದುಹಾಕಿದೆ. ಆ ಅಧ್ಯಕ್ಷರ ಮರ್ಯಾದೆ ಉಳಿಸುತ್ತಿದ್ದೇನೆ ಎಂದುಕೊಂಡಿದ್ದೆ, ಉಳಿಸಿದ್ದು ನಮ್ಮ ತಾತನದು. ಹಿಂದಿನ ಸಾಲಿನಲ್ಲಿದ್ದ ಅಪ್ಪಂದಿರಲ್ಲಿ ಒಬ್ಬರು ಫೋನು ನೋಡುವುದನ್ನು ನಿಲ್ಲಿಸಿ ಕಿಟಕಿಯ ಹೊರಗೆ ನೋಡತೊಡಗಿದರು. ಅವರ ತಾತ ಯಾರೋ ನಾನು ಕೇಳಲಿಲ್ಲ.

ಝಾರಾ ಕೈ ಎತ್ತಿದಳು. "ಸಿದ್ದ ಆಮೇಲೆ ಏನಾದ ಅಜ್ಜಿ?"

"ಗೊತ್ತಿಲ್ಲ," ಎಂದೆ. "ನಾನು ಹೈಸ್ಕೂಲಿಗೆ ಊರು ಬಿಟ್ಟು ಹೋದೆ. ರಜಕ್ಕೆ ಬಂದಾಗ ಅವನಿರಲಿಲ್ಲ. ಎಲ್ಲಿ ಅಂತ ಕೇಳ್ಲಿಲ್ಲ. ಕೇಳ್ಬೋದಿತ್ತು." ಇದನ್ನು ಹೇಳುವಾಗ ಅತ್ತುಬಿಟ್ಟೆ. ಸುಳ್ಳು ಹೇಳಲಾರೆ.

ನಸ್ರೀನ್ ಅರ್ಧ ಎದ್ದು ಮತ್ತೆ ಕೂತಳು. ಆಗ ಬಿಸ್ಕತ್ತಿನ ಡಬ್ಬದ ಕಡೆಯಿಂದ, ಇಷ್ಟು ದಿನ ನನ್ನ ಜೊತೆ ಒಂದು ಕನ್ನಡ ಪದವನ್ನೂ ಆಡದ ಹುಡುಗಿ, ಮೆಲ್ಲಗೆ ಹೇಳಿದಳು.

"ಮುಂದಿನ ಪ್ರಶ್ನೆ, ಮಿಸ್."

ಮುಂದಿನ ಪ್ರಶ್ನೆ ಆರು ವರ್ಷದ ಒಬ್ಬನದು. ಬಿಸ್ಕತ್ತು ಯಾವಾಗ ಎಂದು ಕೇಳಿದ.

ಅಡಿಲೇಡ್: ಸೋಮವಾರ

ವಿಮಾನ ನಿಲ್ದಾಣದಿಂದ ರುದ್ರಪ್ಪನಿಗೆ ಫೋನು ಮಾಡಿದೆ. ಆಳುಕಾಳು ತೆಗೆದು ಗುಲಾಮರು ಎಂದು ಹಾಕಿ, 'ಪ್ರೀತಿಯಿಂದ' ತೆಗೆಯಿರಿ, ಓಡಿಹೋದ ಹುಡುಗಿಯ ವಿಷಯ ನಾಲ್ಕು ಸಾಲು ಸೇರಿಸಿ ಎಂದೆ.

"ಅಯ್ಯೋ ಮೇಡಂ, ಈಗ್ಲಾ? ನಾಲ್ಕು ಸಾಲು ಸೇರಿದ್ರೆ ಮುಂದಿನ ಪುಟಗಳೆಲ್ಲ ಜರುಗುತ್ತೆ. ಜಾಗ ಇಲ್ಲ."

"ಚೆರ್ರಿ ಮರ ತೆಗೀರಿ."

ಆ ಕಡೆ ಪ್ರೂಫಿನ ಪುಟ ತಿರುವಿದ್ದು ಕೇಳಿಸಿತು.

"ಮೇಡಂ, ಪುಸ್ತಕದಲ್ಲಿ ಅದೊಂದೇ ಚೆನ್ನಾಗಿರೋದು."

"ಅದು ನಡೆದೇ ಇಲ್ಲ ರುದ್ರಪ್ಪ. ಇದು ನಡೆದದ್ದು. ಬರ್ಕೊಳ್ಳಿ."

ಹೇಳಿದೆ, ಬರೆದುಕೊಂಡ. ಮನೆಯವರು ಊಟಕ್ಕೆ ಕೂತಿದ್ದಾಗ ಅವಳು ಓಡಿಹೋದದ್ದು, ಅಧ್ಯಕ್ಷರು ಹಿಡಿದು ತರಲು ಜನ ಕಳಿಸಿದ್ದು. ಬರೆದು ಮುಗಿಸಿ ಪೆನ್ನು ಕೆಳಗಿಟ್ಟ ಸದ್ದಾಯಿತು.

"ಸಿಕ್ಕಿದ್ಲಾ ಮೇಡಂ?"

"ಇಲ್ಲ. ಕೊನೇವರೆಗೂ ಸಿಗ್ಲಿಲ್ಲ."

ಹೇಳಿ ನನಗೆ ಬಹಳ ಸಂತೋಷವಾಯಿತು. ಅಂಗಳದಲ್ಲಿ ಕುಣಿದ ಆ ದಿನಕ್ಕಿಂತ ಹೆಚ್ಚು. ವಿಮಾನಕ್ಕೆ ಕರೆಯುತ್ತಿದ್ದರು, ಚೀಲ ಹೆಗಲಿಗೆ ಹಾಕಿಕೊಂಡೆ.

"ಅದನ್ನೂ ಸೇರಿಸ್ಲಾ?" ಎಂದ ರುದ್ರಪ್ಪ. "ಜಾಗ ಇದೆ. ಮರ ದೊಡ್ಡದಿತ್ತು."

ಸೇರಿಸಿ ಎಂದೆ.